ಬಾಗಿಲ ಮುಂದೆ ನಿಲ್ಲಲು ಕಲಿಸಿದವರು

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಐವತ್ತು ವರ್ಷ ಒಂದೇ ಹೆಗಲಿಗೆ ಜೋಳಿಗೆ ಹಾಕಿದರೆ ಇನ್ನೇನಾಗುತ್ತದೆ ಎಂದು ಅವರೇ ನಗುತ್ತಿದ್ದರು. ಓಣಿಯ ಆ ತುದಿಯಿಂದ ಬರುವಾಗ ಮುಖ ಕಾಣುವ ಮೊದಲು ಆ ಓರೆ ಭುಜ ಕಾಣುತ್ತಿತ್ತು, ಹೆಂಗಸರು ಸೆರಗು ಸರಿಮಾಡಿಕೊಂಡು ಒಳಗೆ ಹಿಟ್ಟಿನ ಡಬ್ಬಿ ಹುಡುಕುತ್ತಿದ್ದರು. ಇಳಕಲ್ಲಿನ ನಮ್ಮ ನೇಕಾರರ ಓಣಿಗೆಲ್ಲ ಅವರು ಅಯ್ಯಾರು. ಹೆಸರು ಒಂದಿತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಮದುವೆಗೆ, ತೊಟ್ಟಿಲಿಗೆ, ಮಣ್ಣಿಗೆ, ಎಲ್ಲಕ್ಕೂ ಅವರೇ ಬರಬೇಕು. ಉಳಿದಂತೆ ಸೋಮವಾರಕ್ಕೊಮ್ಮೆ ಕಂತಿ ಭಿಕ್ಷೆಗೆ ಬರುತ್ತಿದ್ದರು. ಮನೆ ಮನೆಯ ಬಾಗಿಲಿಗೆ ನಿಂತು ರೊಟ್ಟಿಯನ್ನೋ ಹಿಟ್ಟನ್ನೋ ಜೋಳಿಗೆಗೆ ಹಾಕಿಸಿಕೊಂಡು ಹೋಗುವುದು ಜಂಗಮರ ಹಳೆಯ ಪದ್ಧತಿ. ಈಗ ಹೆಚ್ಚಿನವರು ಬಿಟ್ಟಿದ್ದಾರೆ. ಅವರ ಮಗನೂ ಬಿಟ್ಟು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲಿಶ್ ಮಾಡಲು ಹೋಗುತ್ತಿದ್ದ.

ಅವರು ನಿಲ್ಲುವ ರೀತಿಗೇ ಒಂದು ಶಿಸ್ತು ಇತ್ತು. ಬಾಗಿಲಿಗೆ ಎದುರಾಗಿ ನಿಲ್ಲುತ್ತಿರಲಿಲ್ಲ, ಚೌಕಟ್ಟಿನ ಒಂದು ಬದಿಗೆ, ಮನೆಯೊಳಗಿನದು ಕಣ್ಣಿಗೆ ಬೀಳದ ಹಾಗೆ ನಿಲ್ಲುತ್ತಿದ್ದರು. ಒಂದೇ ಸಲ “ಭಿಕ್ಷಾ, ತಾಯಿ” ಎನ್ನುವುದು. ಆಮೇಲೆ ಬೆರಳ ಗೆರೆಗಳ ಮೇಲೆ ಪಂಚಾಕ್ಷರಿಯನ್ನು ಹನ್ನೊಂದು ಸಲ ಎಣಿಸುವುದು. ಅಷ್ಟರಲ್ಲಿ ಬಂದರೆ ಬಂತು, ಬರದಿದ್ದರೆ “ಒಳ್ಳೇದಾಗ್ಲಿ” ಎಂದು ಮುಂದಿನ ಮನೆ. ಒಂದು ದಿನ ಒಂದು ಬಾಗಿಲಿಗೆ ಎರಡನೆಯ ಸಲ ಹೋಗುವಂತಿಲ್ಲ. ಜೋಳಿಗೆಯಲ್ಲಿ ಬಿದ್ದದ್ದನ್ನು ಇಣುಕಿ ನೋಡುವಂತಿಲ್ಲ. ದುಡ್ಡು ಮುಟ್ಟುವಂತಿಲ್ಲ. ಯಾರಾದರೂ ತಿಳಿಯದೆ ನಾಣ್ಯ ಹಾಕಿದರೆ ತೆಗೆದು ಅದೇ ಮನೆಯ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದರು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಹುನಗುಂದದವಳು, ಓದಿದವಳು, ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಮೂಗಿನ ತುದಿಯಲ್ಲೇ ಸಿಟ್ಟು. ಗಟ್ಟಿಮುಟ್ಟಾಗಿದ್ದಾರೆ, ದುಡಿದು ತಿನ್ನಲಿಕ್ಕೆ ಇವರಿಗೇನು ಧಾಡಿ ಎಂದು ಅತ್ತೆಯ ಮುಂದೆ ಅಂದಿದ್ದೆ, ಅದೂ ಬಾಗಿಲಿಗೆ ಕೇಳಿಸುವ ಹಾಗೆ. ಒಂದು ಸೋಮವಾರ ಬೇಕಂತಲೇ ಅಂಚಿಗೆ ಬೂಸ್ಟು ಹಿಡಿದ ಚಪಾತಿಯನ್ನು ಜೋಳಿಗೆಗೆ ಹಾಕಿದೆ. ಅವರು ಎಂದಿನಂತೆ ಹರಸಿ ಹೋದರು. ಎಷ್ಟೋ ವರ್ಷದ ಮೇಲೆ, ನಾನೇ ನಾಚಿಕೆ ಬಿಟ್ಟು ಅದನ್ನು ನೆನಪಿಸಿದಾಗ, “ಆಕಳ ತಿಂತು ಬಿಡು. ಅಕಿದೂ ಸೋಮವಾರ ಇರ್ತೈತಲ್ಲ” ಅಂದರು. ಅವರಿಗೆ ಅದು ಆವತ್ತೇ ಗೊತ್ತಾಗಿತ್ತು.

ನಮ್ಮವರು, ನನ್ನ ಗಂಡ, ಸೀರೆ ನೇಯುವವರು. ಮನೆಯಲ್ಲೇ ಕುಣಿಮಗ್ಗ. ಅವರ ತೋಳ ಮೇಲೆ ನೀಲಿ ಕಲೆಗಳು ಕಾಣತೊಡಗಿದಾಗ ಮಗ್ಗದ ಪೆಟ್ಟು ಎಂದುಕೊಂಡೆವು. ವಸಡಿನಲ್ಲಿ ರಕ್ತ ಬಂದಾಗ ಬೇವಿನ ಕಡ್ಡಿ ಚುಚ್ಚಿತು ಎಂದುಕೊಂಡೆವು. ಬಾಗಲಕೋಟೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದರು. ರಕ್ತದ ಕ್ಯಾನ್ಸರ್. ಆರು ತಿಂಗಳು ಇಂಜೆಕ್ಷನ್ನು, ವಾಂತಿ, ಉದುರಿದ ಕೂದಲು. ರೋಗ ಹಿಂದೆ ಸರಿಯಿತು. ಆದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು, ಇದು ಸುಮ್ಮನೆ ಮಲಗಿದೆ, ಏಳುವ ಮೊದಲು ಕಾಂಡಕೋಶ ಕಸಿ ಮಾಡಬೇಕು ಎಂದರು. ಊರಲ್ಲಿ ನಾವು ಅದನ್ನು ರಕ್ತದ ಬೀಜ ಬದಲಿಸುವುದು ಎಂದೆವು. ಬೀಜ ಕೊಡಲು ಬಾದಾಮಿಗೆ ಕೊಟ್ಟಿರುವ ನಮ್ಮವರ ಅಕ್ಕ ಇದ್ದರು, ಅವರದು ಪೂರ್ತಿ ಹೊಂದಿತ್ತು. ದೇವರು ಅಷ್ಟು ಕೊಟ್ಟಿದ್ದ. ಖರ್ಚಿನಲ್ಲಿ ಒಂದು ಪಾಲು ಸರಕಾರದ ಕಾರ್ಡಿನಿಂದ ಬರುತ್ತಿತ್ತು. ಉಳಿದದ್ದಕ್ಕೆ ನಮ್ಮ ಮನೆ, ಮಗ್ಗ, ನನ್ನ ಮೈಮೇಲಿನ ಬಂಗಾರ ಎಲ್ಲ ಸೇರಿದರೂ ಅರ್ಧ ಆಗುತ್ತಿರಲಿಲ್ಲ. ಎರಡು ತಿಂಗಳೊಳಗೆ ಬನ್ನಿ, ಆಮೇಲೆ ಬಂದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಡಾಕ್ಟರು ಮೃದುವಾಗಿಯೇ ಹೇಳಿದ್ದರು.

ಮೊದಲ ಮೂರು ವಾರ ನಾನು ನನಗೆ ತಿಳಿದ ಹಾಗೆ ಹೆಣಗಿದೆ. ಬಂಗಾರ ಹೋಯಿತು. ನೆಂಟರ ಬಣ್ಣ ಬಯಲಾಗುವುದು ದವಾಖಾನೆಯ ಕಾಗದ ತೋರಿಸಿದಾಗ. ಒಬ್ಬರಿಗೆ ಮಗಳ ಮದುವೆ ಬಂತು, ಒಬ್ಬರಿಗೆ ಮನೆಯ ಸ್ಲ್ಯಾಬು ಬಂತು, ಒಬ್ಬರಿಗೆ ನನ್ನ ಫೋನ್ ಬರುತ್ತಲೇ ಸಿಗ್ನಲ್ ಹೋಯಿತು. ಅರ್ಜಿಗಳನ್ನು ಬರೆದೆ, ಅವು ಎಲ್ಲೆಲ್ಲೋ ಮೇಜಿನ ಮೇಲೆ ಕುಳಿತವು. ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ನಮ್ಮವರ ಬೋಳುತಲೆಯ ಫೋಟೋ ಹಾಕಿ, ಕೆಳಗೆ ‘ಈ ಬಡ ನೇಕಾರನ ಜೀವ ಉಳಿಸಿ’ ಎಂದು ಬರೆದು ವಾಟ್ಸಾಪಿಗೆ ಬಿಟ್ಟರು. ಕೈ ಮುಗಿದ ಚಿಹ್ನೆಗಳು ನೂರಾರು ಬಂದವು, ದುಡ್ಡು ಬಂದದ್ದು ಔಷಧದ ಅಂಗಡಿಯ ಒಂದು ಚೀಟಿಗೆ ಸಾಲುವಷ್ಟು. ನಾಲ್ಕನೆಯ ದಿನ ಆ ಚಿತ್ರ ಎಲ್ಲೆಲ್ಲಿಯೋ ಸುತ್ತಿ ನಮ್ಮವರ ಫೋನಿಗೇ ಬಂತು. ದೊಡ್ಡದು ಮಾಡಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿಸಿ ತೋರಿಸಿ, “ಎಲ್ಲಾ ಬರೋಬ್ಬರಿ ಐತಿ. ಫೋಟೋಕ್ಕ ಮಾಲಿ ಒಂದ ಕಡಿಮಿ ಆಗೈತಿ” ಅಂದರು.

ಅದರ ಮರುದಿನವೇ ಸೋಮವಾರ. ಅಯ್ಯಾರ ದನಿ ಬಂತು. ನಾನು ಒಳಗಿನಿಂದಲೇ, ಇವತ್ತು ಏನೂ ಇಲ್ಲ, ಮುಂದೆ ಹೋಗಿರಿ ಎಂದು ಕೂಗಿದೆ. ಕೂಗು ಹೊರಗೆ ಹೋಗುವಷ್ಟರಲ್ಲಿ ಅಳುವಾಗಿತ್ತು. ಹನ್ನೊಂದು ಎಣಿಸಿ ಹೋಗುತ್ತಾರೆ ಎಂದುಕೊಂಡೆ. ಅವರು ಹೋಗಲಿಲ್ಲ. ಹೊರಗೆ ಬಂದು ನೋಡಿದರೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಭಿಕ್ಷೆಗೆ ಬಂದ ದಿನ ಅವರು ಯಾರ ಕಟ್ಟೆಯ ಮೇಲೂ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ.

ಎಲ್ಲವನ್ನೂ ಕೇಳಿಸಿಕೊಂಡರು. ಫೋಟೋದ ಸಂಗತಿಯನ್ನೂ ಹೇಳಿದೆ. ಕೊನೆಗೆ, “ಯವ್ವಾ, ಸಾಲಿ ಕಲಿಸ್ತಿ, ಖರೆ. ಬೇಡಾಕ ಬರೂದಿಲ್ಲ ನಿನಗ” ಅಂದರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟಿಗೆ ಅವರು ಲಕ್ಷ್ಯವನ್ನೇ ಕೊಡಲಿಲ್ಲ. ಕಾಗದದಲ್ಲಿ ಬೇಡಿದ್ದೀ, ಫೋನಿನಲ್ಲಿ ಬೇಡಿದ್ದೀ, ಒಂದು ಬಾಗಿಲಿಗಾದರೂ ನಿಂತಿದ್ದೀಯಾ ಎಂದು ಕೇಳಿದರು. ನಿಂತಿರಲಿಲ್ಲ. ನಿಲ್ಲುವುದನ್ನು ನೆನೆಸಿಕೊಂಡರೇ ಮೈ ಹಿಡಿಯಾಗುತ್ತಿತ್ತು. ನಮ್ಮಪ್ಪ ಹಾಗೆ ಬೆಳೆಸಿರಲಿಲ್ಲ ಎಂದೆ.

“ನಾ ಬರ್ತೇನಿ ನಿನ್ನ ಕೂಡ. ಜೋಳಿಗಿ ನಂದು, ಮಾತು ನಿಂದು.”

ರೊಕ್ಕ ಮುಟ್ಟದವರು ಹೀಗಂದರೆ ನಂಬುವುದು ಹೇಗೆ? ಒಳಗೆ ಮಂಚದ ಮೇಲಿದ್ದ ನಮ್ಮವರನ್ನು ಕೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿಕೊಂಡರು. ಅಲ್ಲಿಂದಲೇ, ಅಯ್ಯಾರ ಹಿಂದೆ ಹೋಗುವುದಾದರೆ ಹೋಗು, ಫೋಟೋ ಒಯ್ಯಬೇಡ ಎಂದರು.

ಮರುದಿನ ಬೆಳಿಗ್ಗೆ ಓಣಿಯ ಮೊದಲ ಮನೆ ಮುಟ್ಟುವುದರೊಳಗೆ ನನಗೆ ಪಾಠ ಆಯಿತು. ಯಾತಕ್ಕೆ ಬೇಕು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಬೇಕು. ಬಾಗಿಲ ಬದಿಗೆ ನಿಲ್ಲಬೇಕು. ಯಾವ ಮನೆಯನ್ನೂ ಬಿಡಬಾರದು. “ಎಷ್ಟ ಬೇಕು ಅಂತ ಹೇಳಬ್ಯಾಡ. ಎಷ್ಟ ಬೇಕು ಅಂದ್ರ ಕೊಡೋರ ಕೈ ಸಣ್ಣದಾಗತೈತಿ” ಅಂದರು. ಇನ್ನೊಂದು ಮಾತನ್ನು ನಾನು ಮರೆಯಲಾರೆ. “ಅಳಬ್ಯಾಡ. ಅತ್ರ ನಿನ್ನ ಸಮಾಧಾನಕ್ಕ ಕೊಡ್ತಾರ, ನಿನ್ನ ಗಂಡನ ಜೀವಕ್ಕ ಕೊಡೂದಿಲ್ಲ.”

ಮೊದಲ ಬಾಗಿಲಲ್ಲಿ ನನ್ನ ನಾಲಿಗೆ ಏಳಲಿಲ್ಲ. ಅಯ್ಯಾರು “ಭಿಕ್ಷಾ, ತಾಯಿ” ಅಂದರು, ನನ್ನ ಪಾಲಿನ ಮಾತು ಬರಲೇ ಇಲ್ಲ. ಹನ್ನೊಂದು ಎಣಿಕೆ ಮುಗಿಯಿತು. ಒಳಗಿನಿಂದ ಬಂದ ಹೆಣ್ಣುಮಗಳು ಎಂದಿನಂತೆ ಹಿಡಿ ಹಿಟ್ಟು ತಂದು, ನನ್ನನ್ನು ನೋಡಿ ನಿಂತಳು. ಆಕೆಯ ಮಗ ನನ್ನ ಕ್ಲಾಸಿನಲ್ಲಿ ಓದುತ್ತಿದ್ದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಹೇಗೋ ಅಂದುಬಿಟ್ಟೆ, ನಮ್ಮವರ ರಕ್ತದ ಬೀಜ ಬದಲಿಸಬೇಕಾಗಿದೆ, ಕೈಲಾದದ್ದು ಹಾಕಿರಿ ಎಂದು. ಆಕೆ ಹಿಟ್ಟು ಹಾಕಿ ಒಳಗೆ ಹೋಗಿ, ಸಂದೂಕ ತೆರೆದ ಸಪ್ಪಳವಾಗಿ, ಮಡಿಚಿದ ನೋಟುಗಳನ್ನು ತಂದು ಹಾಕಿದಳು. ಅಯ್ಯಾರು ಕಣ್ಣು ಕೆಳಗೆ ಹಾಕಿಕೊಂಡೇ ಹರಸಿದರು. ಅವರ ಜೋಳಿಗೆಗೆ ದುಡ್ಡು ಬಿದ್ದು ಅಲ್ಲೇ ಉಳಿದದ್ದು ಅದೇ ಮೊದಲು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಬೆಳಿಗ್ಗೆ ನಮ್ಮವರಿಗೆ ಗಂಜಿ ಕೊಟ್ಟು, ಅವರನ್ನೂ ನಮ್ಮ ಸಣ್ಣ ಮಗಳನ್ನೂ ಅತ್ತೆಗೆ ಒಪ್ಪಿಸಿ ಹೊರಡುವುದು. ಬಿಸಿಲು ಏರುವತನಕ ಓಣಿಗಳು. ಬಾಯಿ ಒಣಗಿ ಒಂದೇ ಮಾತು ಹೇಳಿ ಹೇಳಿ ಆ ಮಾತಿಗೆ ಅರ್ಥವೇ ಹೋಗಿತ್ತು. ಒಂದು ಮನೆಯಲ್ಲಿ ನೋಟು, ಒಂದು ಮನೆಯಲ್ಲಿ ಜೋಳ, ಒಂದು ಮನೆಯಲ್ಲಿ ನೇಯ್ದು ಇಳಿಸಿದ ಹೊಸ ಸೀರೆ, ಮಾರಿಕೊಳ್ಳಿರಿ ಎಂದು. ದರ್ಗಾದ ಕಡೆಯ ಓಣಿಗೂ ಹೋದೆವು. ಅಲ್ಲೊಬ್ಬ ಮುದುಕರು ಅಯ್ಯಾರ ಜೋಳಿಗೆ ನಮ್ಮ ಬಾಗಿಲಿಗೂ ಬಂತಲ್ಲ ಎಂದು ಕುರ್ಚಿ ತರಿಸಿದರು. ಅಯ್ಯಾರು ಕೂರಲಿಲ್ಲ, ನನ್ನನ್ನು ಕೂರಿಸಿದರು. ಬಸ್ಸು ಹತ್ತಿ ಹುನಗುಂದಕ್ಕೆ ಹೋದೆವು. ಕೋರ್ಟಿನ ಮುಂದೆ, ಸಂತೆಯಲ್ಲಿ, ನನ್ನ ಜೊತೆ ಓದಿದವರ ಮನೆಗಳಲ್ಲಿ ನಿಂತೆ. ಹತ್ತಿರದ ಹಳ್ಳಿ ಮರೋಳದಲ್ಲಿ ಮನೆಗೆ ಒಂದಿಷ್ಟು ಕಾಳು ಬಂದು ಚೀಲಗಳಾದವು, ಮಾರಿದೆವು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಳು, ನನ್ನ ಹಾಗೆಯೇ ಓದಿದವಳು, ಒಳಗಿನಿಂದ ದುಡಿದು ತಿನ್ನಲಿಕ್ಕೆ ಏನಾಗಿದೆ ಅಂದದ್ದು ನನ್ನ ಕಿವಿಗೆ ಬಿತ್ತು. ಅಯ್ಯಾರ ಮುಖ ನೋಡುವ ಧೈರ್ಯ ನನಗೆ ಆಗಲಿಲ್ಲ.

ನಮ್ಮ ಓಣಿಯ ಹಿಂದೆ ಒಬ್ಬಳು ವಿಧವೆ ಇದ್ದಾಳೆ. ಮಗ್ಗದವರಿಗೆ ಕಂಡಕಿ ಸುತ್ತಿ, ಅಂದರೆ ಸಣ್ಣ ಕೊಳವೆಗೆ ನೂಲು ಸುತ್ತಿಕೊಟ್ಟು, ಅದರ ಕೂಲಿಯಲ್ಲಿ ಬದುಕುವವಳು. ಆಕೆಯ ಮನೆ ಬಂದಾಗ ನಾನು ಅಯ್ಯಾರಿಗಿಂತ ಮುಂದಿದ್ದೆ. ಪಾಪ, ಇವಳನ್ನೇನು ಕೇಳುವುದು ಎಂದು ದಾಟಿ ಮುಂದಿನ ಮನೆಗೆ ನಡೆದೆ. ದೊಡ್ಡ ಗುಣ ತೋರಿಸಿದೆ ಎಂದೇ ನಂಬಿದ್ದೆ. ಹಿಂದಿರುಗಿ ನೋಡಿದರೆ ಅಯ್ಯಾರು ಅಲ್ಲೇ ನಿಂತಿದ್ದಾರೆ. ಆಕೆ ಹೊಸ್ತಿಲಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದಾಳೆ. ಮುಷ್ಟಿ ಬಿಗಿಯಾಗಿದೆ, ಮುಖ ಕೆಂಪಾಗಿದೆ.

“ನಮ್ಮನಿ ಮನಿ ಅಲ್ಲೇನ್ರಿ ಟೀಚರ?” ಅಂದಳು. “ಸೋಮವಾರ ಅಯ್ಯಾರಿಗೆ ನಾ ಒಂದ ದಿನಾನೂ ಬರೇ ಕೈ ತೋರಿಸಿಲ್ಲ. ಇವತ್ತ ನೀವ ನನ್ನ ಓಣಿಯಾಗಿಂದ ಹೊರಗ ಹಾಕಿದ್ರಿ.”

ನಾನು ವಾಪಸು ಬಂದೆ. ಬಾಗಿಲ ಬದಿಗೆ ನಿಂತು ಪೂರ್ತಿ ಮಾತು ಹೇಳಿದೆ. ಆಕೆ ಮುಷ್ಟಿ ಜೋಳಿಗೆಯೊಳಗೆ ಇಳಿಸಿ ತೆರೆದಳು. ಏನಿತ್ತೋ ನಾನು ನೋಡಲಿಲ್ಲ, ಅಷ್ಟರಮಟ್ಟಿಗೆ ಕಲಿತಿದ್ದೆ. ದಾರಿಯಲ್ಲಿ ಅಯ್ಯಾರು ನನ್ನನ್ನು ಬೈಯಲಿಲ್ಲ. ಬಡವರ ಮನೆ ಬಿಟ್ಟರೆ ಅವರನ್ನು ಇನ್ನೊಂದು ಸಲ ಬಡವರನ್ನಾಗಿ ಮಾಡಿದಂತೆ ಎಂದಷ್ಟೇ ಹೇಳಿದರು. ನನಗೆ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಹೇಳಿದ ಗಡುವಿಗೆ ಇನ್ನು ಹನ್ನೆರಡು ದಿನ ಉಳಿದಿತ್ತು. ಆಗ ನಮ್ಮವರಿಗೆ ಎರಡು ದಿನ ಜ್ವರ ಬಂತು. ರೋಗ ಎದ್ದಿತೇನೋ ಎಂದು ನಾನು ಬಾಗಲಕೋಟೆಗೆ ಒಯ್ದು, ರಿಪೋರ್ಟು ಬರುವತನಕ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತಿದ್ದೆ. ರೋಗ ಎದ್ದಿರಲಿಲ್ಲ. ಬೇಕಾದುದರಲ್ಲಿ ಇನ್ನೂ ದೊಡ್ಡ ಪಾಲು ಬಾಕಿ ಇತ್ತು. ಅಂಥ ದಿನ ನಾವು ಗ್ರಾನೈಟ್ ವ್ಯಾಪಾರಿಯೊಬ್ಬರ ಬಂಗಲೆಗೆ ಹೋದೆವು. ಸಾಹುಕಾರರು ತಾವೇ ಹೊರಗೆ ಬಂದರು. ನನ್ನ ಮಾತು ಕೇಳಿ ಒಳಗೆ ಹೋಗಿ ಚೆಕ್ಕು ಬರೆದು ತಂದರು. ಅದರ ಮೇಲಿನ ಸೊನ್ನೆಗಳನ್ನು ನಾನು ಎರಡು ಸಲ ಎಣಿಸಿದೆ. ಅಷ್ಟರಲ್ಲಿ ಅವರು ಮನೆಯವರನ್ನು ಕರೆದು ಫೋನು ತರಿಸಿ, ನಾನೂ ಅವರೂ ಚೆಕ್ಕು ಹಿಡಿದುಕೊಂಡು ನಿಲ್ಲಬೇಕು, ಅಯ್ಯಾರು ನಡುವೆ ಇರಲಿ ಎಂದರು. ಕೆಟ್ಟ ಮನುಷ್ಯರೇನಲ್ಲ. ಈಗಿನ ರೂಢಿ ಅದು.

ಅಯ್ಯಾರು ಜೋಳಿಗೆಯ ಬಾಯಿ ಮಡಚಿದರು. ಫೋಟೋ ಬೇಡ ಸಾಹುಕಾರರೇ, ಭಿಕ್ಷೆಗೆ ಸಾಕ್ಷಿ ಇರಬಾರದು ಎಂದು ಮೆಲ್ಲಗೆ ಹೇಳಿದರು. ಸಾಹುಕಾರರ ಮುಖ ಚಿಕ್ಕದಾಯಿತು. ಹಾಗಾದರೆ ಆಮೇಲೆ ನೋಡೋಣ ಎಂದು ಚೆಕ್ಕನ್ನು ಅಂಗಿಯ ಕಿಸೆಗೆ ಇಟ್ಟುಕೊಂಡರು. ಅಯ್ಯಾರು ಹರಸಿ ಹೊರಟರು. ನಾನು ಗೇಟಿನ ಹೊರಗೆ ಬರುವವರೆಗೂ ಹೇಗೋ ತಡೆದುಕೊಂಡೆ.

ಆಮೇಲೆ ಬೀದಿಯಲ್ಲಿ ನಿಂತು ನಾನು ಅವರ ಮೇಲೆ ಹರಿಹಾಯ್ದೆ. “ನಿಮ್ಮ ನೇಮ ನಿಮ್ಮ ಮನ್ಯಾಗ ಇಟಗೋರಿ. ನಿಮ್ಮ ಜೋಳಿಗಿ ಮಡಿ ಉಳೀಲಿ, ನನ್ನ ಗಂಡ ಸಾಯಲಿ” ಅಂದೆ. ಇನ್ನೂ ಏನೇನೋ ಅಂದೆ. ಹೋಗಿ ಬರುವ ಕಲ್ಲಿನ ಲಾರಿಯವರು ಇಣುಕಿ ನೋಡಿದರು. ಅಪ್ಪನ ವಯಸ್ಸಿನವರನ್ನು, ಒಂದು ತಿಂಗಳು ನನಗಾಗಿ ಬಿಸಿಲಲ್ಲಿ ನಡೆದವರನ್ನು ಬೀದಿಯಲ್ಲಿ ನಿಲ್ಲಿಸಿ ಬೈದೆ.

ಅವರು ರಸ್ತೆಯ ಬದಿಗೆ ಬಿದ್ದಿದ್ದ ಒಂದು ಕಲ್ಲಿನ ತುಂಡಿನ ಮೇಲೆ ಕುಳಿತರು. ತಲೆಯ ಮೇಲಿನ ರುಮಾಲು ತೆಗೆದು ಮುಖ ಒರೆಸಿಕೊಂಡರು. ನಾನು ದಣಿಯುವತನಕ ಕಾದರು.

“ನನಗೊಂದು ಹೆಣ್ಣ ಕೂಸಿತ್ತು” ಅಂದರು. “ಕಾಮಣಿ ಆಗಿ ಮೈಯೆಲ್ಲಾ ಹಳದಿ ಆಗಿತ್ತು. ಔಷಧಕ್ಕ ರೊಕ್ಕ ಬೇಕಿತ್ತು. ಜೋಳಿಗಿಗೆ ರೊಕ್ಕ ಹಾಕಿಸ್ಕೋಬಾರದು ಅಂತ ನಮ್ಮಪ್ಪ ಹಾಕಿದ ನೇಮ. ನಾ ಇಡೀ ಊರು ತಿರಗಿ ರೊಟ್ಟಿ ಬೇಡಕೊಂಡು ಮನಿಗೆ ಹೋದೆ. ನೇಮ ಉಳೀತು. ಕೂಸ ಉಳೀಲಿಲ್ಲ.”

ಅಷ್ಟೇ ಹೇಳಿದರು. ಎದ್ದರು. ರುಮಾಲು ಸುತ್ತಿಕೊಂಡು ಅದೇ ಗೇಟಿನೊಳಗೆ ನಡೆದರು. ನಾನು ಹಿಂದೆ ಓಡಿದೆ. ಬೇಡ ಅನ್ನಬೇಕೆಂದೇ ಓಡಿದ್ದು, ಆದರೆ ಬಾಯಿಂದ ಬೇಡ ಎಂಬ ಮಾತು ಬರಲಿಲ್ಲ. ಬಂದಿದ್ದರೆ ನಾನು ಇವತ್ತು ಇನ್ನೊಂದು ಬಗೆಯ ಹೆಂಗಸಾಗಿರುತ್ತಿದ್ದೆ. ಬಾಗಿಲ ಬದಿಗೆ ನಿಂತು ಅವರು ಎರಡನೆಯ ಸಲ “ಭಿಕ್ಷಾ” ಅಂದರು. ಸಾಹುಕಾರರಿಗೇ ಮುಜುಗರವಾಗಿ ಫೋಟೋ ಬೇಡ ಬಿಡಿ ಎಂದರು. ಆದರೆ ಆಗಲೇ ಮನೆಯವರು ಫೋನು ಎತ್ತಿದ್ದರು. ಅಯ್ಯಾರು ಹೋಗಿ ನಡುವೆ ನಿಂತರು. ಆ ಫೋಟೋ ಸಂಜೆಗೆ ಊರ ತುಂಬ ಹರಿದಾಡಿತು. ಅದರಲ್ಲಿ ನಾನು ಅಳುತ್ತಿದ್ದೇನೆ, ಸಾಹುಕಾರರು ನಗುತ್ತಿದ್ದಾರೆ, ಅಯ್ಯಾರ ಕಣ್ಣು ಮುಚ್ಚಿವೆ. ಓಣಿಯವರು ಯಾಕೆ ಕಣ್ಣು ಮುಚ್ಚಿದ್ದೀರಿ ಎಂದು ಚೇಷ್ಟೆ ಮಾಡಿದ್ದಕ್ಕೆ ಬಿಸಿಲಿತ್ತು ಅಂದರಂತೆ.

ಆ ಫೋಟೋ ನೋಡಿ ಇನ್ನೂ ನಾಲ್ಕಾರು ಜನ ದೊಡ್ಡವರು ಕೊಟ್ಟರು. ಮೇಜಿನ ಮೇಲೆ ಕುಳಿತಿದ್ದ ಅರ್ಜಿಗಳಲ್ಲಿ ಒಂದು ಎದ್ದಿತು. ಕೊನೆಯ ಚೂರನ್ನು ಆಸ್ಪತ್ರೆಯವರೇ ಬಿಟ್ಟುಕೊಟ್ಟರು. ಹೇಳಿದ ಅವಧಿಗೆ ನಾಲ್ಕು ದಿನ ಇರುವಾಗ ನಾವು ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬೆಂಗಳೂರಿಗೆ ಹೊರಟೆವು. ಬಾದಾಮಿಯಿಂದ ಅಕ್ಕ ಬಂದರು. ಅಯ್ಯಾರು ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ನಾನು ಕಾಲಿಗೆ ಬಿದ್ದು ಆವತ್ತಿನ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದರೆ, ಸೀಟು ಕಿಡಕಿಯ ಕಡೆ ಹಿಡಿ, ಅವನಿಗೆ ಗಾಳಿ ಬೇಕಾಗುತ್ತದೆ ಎಂದು ನನ್ನನ್ನು ಬಸ್ಸಿಗೆ ಹತ್ತಿಸಿಬಿಟ್ಟರು.

ಕಸಿ ಎಂದರೆ ಏನೋ ದೊಡ್ಡ ಕೊಯ್ತ ಎಂದು ನಾನು ಎಣಿಸಿದ್ದೆ. ಅಕ್ಕನ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ತೆಗೆದ ಒಂದು ಸಣ್ಣ ಚೀಲ, ಬಾಟಲಿ ಏರಿಸಿದ ಹಾಗೆ ಏರಿಸಿದರು, ಮುಗಿಯಿತು. ನರಕ ಶುರುವಾದದ್ದು ಆಮೇಲೆ. ಅದಕ್ಕೂ ಮೊದಲು ಕೊಟ್ಟ ಔಷಧದಿಂದ ಅವರ ಸ್ವಂತ ರಕ್ತದ ಬಲವೆಲ್ಲ ಸೊನ್ನೆಯಾಗಿತ್ತು. ಹೊಸ ಬೀಜ ಮೊಳೆಯುವತನಕ ಒಂದು ನೆಗಡಿ ಬಂದರೂ ಜೀವಕ್ಕೆ ಅಪಾಯ. ಮುಚ್ಚಿದ ಕೋಣೆ, ನಾನೊಬ್ಬಳೇ ಜೊತೆಗೆ, ಮುಖಕ್ಕೆ ಬಟ್ಟೆ, ಕೈಗೆ ಕವಚ. ಬಾಯಿಂದ ಗಂಟಲವರೆಗೆ ಹುಣ್ಣು. ಉಗುಳು ನುಂಗಲಾರದೆ ನಮ್ಮವರು ಅಳುತ್ತಿದ್ದರು. ಬಾಯಿಂದಲೇ ಉಣ್ಣಿಸಲು ನೋಡಿ, ಅದೇ ಒಳ್ಳೆಯದು ಎಂದು ನರ್ಸು ದಿನಕ್ಕೆ ನಾಲ್ಕು ಸಲ ಹೇಳುವಳು. ನಾನು ಗಂಜಿಯ ಬಟ್ಟಲು ಹಿಡಿದು ಬೇಡುತ್ತಿದ್ದೆ. ಇಡೀ ತಾಲೂಕು ಬೇಡಿ ಬಂದವಳಿಗೆ ಸ್ವಂತ ಗಂಡನ ಬಾಯಿ ತೆರೆಸಲು ಆಗಲಿಲ್ಲ.

ಸೋಮವಾರ ಅಯ್ಯಾರು ಭಿಕ್ಷೆ ಮುಗಿಸಿ ಮಗನ ಫೋನಿನಿಂದ ಮಾತಾಡುತ್ತಿದ್ದರು. ಬೆಂಗಳೂರು ದೂರ ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ನಾನು ಫೋನನ್ನು ನಮ್ಮವರ ಕಿವಿಗೆ ಹಿಡಿಯುತ್ತಿದ್ದೆ. ಹಾಕಿದ್ದನ್ನು ಉಣ್ಣುವುದು ಭಿಕ್ಷೆಯವನ ಮೊದಲನೆಯ ನೇಮ, ಉಣ್ಣು ಎನ್ನುವರು. ನನ್ನ ಮಾತಿಗೆ ತೆರೆಯದ ಬಾಯಿ ಅವರ ಮಾತಿಗೆ ತೆರೆಯುತ್ತಿತ್ತು. ಎರಡು ಚಮಚ, ಮೂರು ಚಮಚ. ಅಷ್ಟಕ್ಕೇ ನಾನು ಬದುಕುತ್ತಿದ್ದೆ.

ಹೀಗಿರುವಾಗ ಒಂದು ಸೋಮವಾರ ಅವರ ಮಗನ ಫೋನು ಬಂತು, ದನಿ ಮಾತ್ರ ಮಗನದು. ಅಯ್ಯಾರು ಭಿಕ್ಷೆ ಮುಗಿಸಿ ಬಂದು, ನೀರು ಕೇಳಿ, ನೀರು ತರುವುದರೊಳಗೆ ಹೋಗಿಬಿಟ್ಟಿದ್ದರು. ನಾನು ಕಾರಿಡಾರಿನ ಕುರ್ಚಿಯ ಮೇಲೆ ಕುಳಿತೆ. ಊರಿಗೆ ಹೋಗುವಂತಿರಲಿಲ್ಲ. ನಾನು ಹೊರಗೆ ಹೋದರೆ ಆ ಕೋಣೆಗೆ ಇನ್ನೊಬ್ಬರಿರಲಿಲ್ಲ, ಅಕ್ಕ ಕೆಮ್ಮುತ್ತಿದ್ದರು, ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಅಯ್ಯಾರನ್ನು ಕೊನೆಯ ಸಲ ಕುಳ್ಳಿರಿಸಿ ಮೆರೆಸಿಕೊಂಡು ಹೋಗುವಾಗ ಓಣಿಯ ಎಲ್ಲ ಬಾಗಿಲಲ್ಲೂ ಜನ ನಿಂತಿರುತ್ತಾರೆ, ನನ್ನ ಬಾಗಿಲಲ್ಲಿ ನಾನಿಲ್ಲ. ಮುಖ ತೊಳೆದು, ಕವಚ ತೊಟ್ಟು ಒಳಗೆ ಹೋದೆ. ಅವತ್ತು ನಮ್ಮವರ ಜ್ವರ ಇಳಿದಿರಲಿಲ್ಲ. ಹಿಂದಿನ ದಿನದಿಂದ ಏನೂ ಒಳಗೆ ಹೋಗಿರಲಿಲ್ಲ.

“ಅಯ್ಯಾರ ಫೋನ್ ಬಂತೇನ?”

ಬಂದಿತ್ತು, ನೀವು ಮಲಗಿದ್ದಿರಿ ಎಂದೆ. ಏನಂದರು ಎಂದು ಕೇಳಿದರು. ನಾನು ಗಂಜಿಯ ಬಟ್ಟಲು ಎತ್ತಿಕೊಂಡೆ. ಬಾಯಿ ತಾನಾಗಿಯೇ ಅಂದಿತು: “ಬಾಯಿಗೆ ಹಾಕ್ಕೊಳ್ಳೂದಷ್ಟ ನಿಂದು, ಇಳಸೂದು ಶಿವಂದು ಅಂದ್ರು.”

ನಮ್ಮವರು ಕಣ್ಣು ಮುಚ್ಚಿ ಬಾಯಿ ತೆರೆದರು. ಅವತ್ತು ಅರ್ಧ ಬಟ್ಟಲು ಹೋಯಿತು.

ಆಮೇಲೆ ನಾಲ್ಕು ಸೋಮವಾರ ನಾನು ಸತ್ತವರ ಬಾಯಿಂದ ಮಾತಾಡಿದೆ. ಪ್ರತಿ ವಾರ ಹೊಸದೊಂದು ಮಾತು ಕಟ್ಟಬೇಕು, ಅದು ಅವರದೇ ಅನ್ನಿಸಬೇಕು. ಭಾನುವಾರದಿಂದಲೇ ಹುಡುಕಾಟ ಶುರುವಾಗುತ್ತಿತ್ತು. ಅವರಾದರೆ ಏನನ್ನುತ್ತಿದ್ದರು ಎಂದು ಕಾರಿಡಾರಿನಲ್ಲಿ ನಡೆದಾಡುತ್ತ ಕೇಳಿಕೊಳ್ಳುತ್ತಿದ್ದೆ. ಕಸಿಯಾದ ಮೂರನೆಯ ವಾರ ಡಾಕ್ಟರು ರಿಪೋರ್ಟು ತೋರಿಸಿ, ಮೊಳೆತಿದೆ ಅಂದರು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಆ ಸುದ್ದಿಯನ್ನು ಹೇಳಬೇಕಾದವರು ಮಣ್ಣಿನಲ್ಲಿದ್ದರು.

ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲಿ ಇನ್ನಷ್ಟು ತಿಂಗಳು ಇದ್ದು ಊರಿಗೆ ಬಂದೆವು. ಅಯ್ಯಾರಿಗೆ ಮೈಯಲ್ಲಿ ಹುಷಾರಿಲ್ಲ, ಮಾತಾಡುವುದಿಲ್ಲ ಎಂದು ನಮ್ಮವರನ್ನು ಹೇಗೋ ನಂಬಿಸಿದ್ದೆ. ಬಸ್ಸಿಳಿದು ಮನೆಯ ಕಟ್ಟೆ ಹತ್ತುವಾಗ ಸತ್ಯ ಹೇಳಬೇಕೆಂದಿದ್ದೆ. ನನಗಿಂತ ಮೊದಲೇ ಪಕ್ಕದ ಮನೆಯವರು ಹೇಳಿಬಿಟ್ಟರು, ಅಯ್ಯಾರು ಹೋಗಿ ನಾಲ್ಕು ತಿಂಗಳಾಯಿತು ಎಂದು. ನಮ್ಮವರು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದ್ದು ನನಗೆ ಕಂಡಿತು. ನನ್ನ ಮುಖ ನೋಡಿದರು. ಒಳಗೆ ಹೋಗಿ ಮಗ್ಗದ ಮೇಲಿನ ಧೂಳು ಒರೆಸತೊಡಗಿದರು.

ಈಗ ಅವರು ಅರ್ಧ ದಿನ ನೇಯುತ್ತಾರೆ. ತಿಂಗಳಿಗೊಮ್ಮೆ ರಕ್ತ ತೋರಿಸಿ ಬರುತ್ತೇವೆ. ನಮ್ಮ ಸುದ್ದಿ ಕೇಳಿ ಸುತ್ತಲಿನ ಊರುಗಳಿಂದ ಅಂಥದೇ ಕಾಗದ ಹಿಡಿದುಕೊಂಡು ಜನ ಬರುತ್ತಾರೆ. ಅವರಿಗೆ ಬಾಗಿಲ ಮುಂದೆ ಹೇಗೆ ನಿಲ್ಲಬೇಕು ಎಂದು ನಾನು ಹೇಳಿಕೊಡುತ್ತೇನೆ. ರೋಗಿಗೆ ನಮ್ಮವರು ಹೇಳುತ್ತಾರೆ: ನಮ್ಮ ಅಯ್ಯಾರು ಅಂತಿದ್ದರು, ಬಾಯಿಗೆ ಹಾಕಿಕೊಳ್ಳುವುದಷ್ಟೇ ನಿನ್ನದು, ಇಳಿಸುವುದು ಶಿವನದು. ನನ್ನ ಎದುರಿಗೇ, ಕಣ್ಣು ಪಿಳುಕಿಸದೆ ಹೇಳುತ್ತಾರೆ. ಒಮ್ಮೆ ತಡೆಯಲಾರದೆ, ಆ ಮಾತು, ಎಂದು ಶುರುಮಾಡಿದೆ. “ಗೊತ್ತೈತಿ” ಅಂದರು. “ನೀ ಅಂದಿದ್ರ ನಾ ಉಣ್ತಿದ್ದಿಲ್ಲ.”

ಖರೆ ಮಾತು. ಹಾಗಾಗಿ ಆ ಮಾತನ್ನು ನಾನೂ ಅಯ್ಯಾರ ಹೆಸರಿನಲ್ಲೇ ಬಿಟ್ಟೆ. ಆದರೆ ಈ ಬರಹಕ್ಕೆ ಕುಳಿತಾಗ ಒಂದು ಗಾಬರಿ ಹುಟ್ಟಿದೆ. ಆ ನಾಲ್ಕು ಸೋಮವಾರ ಅವರ ದನಿಯಲ್ಲಿ ಅಷ್ಟು ಮಾತಾಡಿದ ಮೇಲೆ, ಅವರು ನಿಜವಾಗಿ ಅಂದದ್ದು ಯಾವುದು, ನಾನು ಕಟ್ಟಿದ್ದು ಯಾವುದು ಎಂದು ಬಿಡಿಸಲು ಹೋದರೆ ಬರುತ್ತಿಲ್ಲ. ಮೇಲೆ ಅವರ ಬಾಯಿಗೆ ಹಾಕಿದ ಮಾತುಗಳಲ್ಲಿ ಒಂದೆರಡು ನನ್ನವೂ ಇರಬಹುದು. ಕಲ್ಲಿನ ಮೇಲೆ ಕುಳಿತು ಹೇಳಿದ್ದು ಮಾತ್ರ ಅವರದೇ. ಅಂಥದನ್ನು ಕಟ್ಟಲು ನನ್ನಿಂದ ಆಗುತ್ತಿರಲಿಲ್ಲ.